ಶುಗರ್ ಇದ್ದವರ ಕಾಲು ಬಾವು: ಬರೀ ಡ್ಯೂಟಿ ದಣಿವು ಅಂದುಕೊಳ್ಳಬೇಡಿ



ಶಿಫ್ಟ್ ಮುಗಿಸಿ ಬಂದಾಗ ಕಾಲು ಊದಿದ್ದರೆ "ಎಂಟು ತಾಸು ನಿಂತಿದ್ದೆ, ಅದಕ್ಕೇ" ಎಂದು ಸುಮ್ಮನಾಗುತ್ತೀರಿ. ನಿಮಗೆ ಶುಗರ್ ಇದ್ದರೆ ಹೃದಯವನ್ನೂ ಒಮ್ಮೆ ತೋರಿಸಿಕೊಳ್ಳಿ.

*ಹಾರ್ಟ್ ಫೇಲ್ಯೂರ್ ಎಂದರೇನು?*
ಹೃದಯ ನಿಂತುಹೋಗುವುದಲ್ಲ. ಬೇಕಾದಷ್ಟು ರಕ್ತ ಪಂಪ್ ಮಾಡಲಾಗದೆ ನೀರು ಶ್ವಾಸಕೋಶದಲ್ಲಿ, ಕಾಲಿನಲ್ಲಿ ತುಂಬುವುದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರು 1974ರಲ್ಲೇ ಹೇಳಿದರು: ಶುಗರ್ ಇದ್ದ ಗಂಡಸರಿಗೆ ಇದರ ಅಪಾಯ ಎರಡು ಪಟ್ಟಿಗಿಂತ ಹೆಚ್ಚು, ಹೆಂಗಸರಿಗೆ ಸುಮಾರು ಐದು ಪಟ್ಟು.

*ಏಕೆ ಹೀಗೆ?*
ಶುಗರ್ ಹೃದಯದ ರಕ್ತನಾಳಗಳನ್ನು ಕಟ್ಟಿಸುತ್ತದೆ. ಹೃದಯದ ಸ್ನಾಯುವನ್ನೇ ಬಿಗಿ ಮಾಡುತ್ತದೆ. ಮೂತ್ರಪಿಂಡ ಸೋತು ಉಪ್ಪು, ನೀರು ಒಳಗೇ ಉಳಿಯುತ್ತವೆ. ನರಗಳೂ ಕೆಟ್ಟಿದ್ದರೆ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಗೊತ್ತಾಗದಿರಬಹುದು.

*ಈ ಲಕ್ಷಣ ಕಂಡರೆ ತಡ ಮಾಡಬೇಡಿ*
✅ ಕಾಲು ಒತ್ತಿದರೆ ಕುಳಿ ಬೀಳುವುದು
✅ ಮೆಟ್ಟಿಲು ಹತ್ತಿದರೆ ದಮ್ಮು
✅ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು
✅ ಎರಡು-ಮೂರು ದಿನದಲ್ಲಿ 2 ಕಿಲೋ ತೂಕ ಏರುವುದು

ಡಾಕ್ಟರಿಗೆ ಕನ್ನಡ ಬಾರದಿದ್ದರೆ ಮರಾಠಿಯಲ್ಲಿ ಇಷ್ಟು ಹೇಳಿ: "ಮಲಾ ದಮ್ ಲಾಗತೋ, ಪಾಯಾಲಾ ಸೂಜ್ ಆಹೇ." ಇಸಿಜಿ, ಎಕೋ ಬೇಕೇ ಎಂದು ಕೇಳಿ. ಇಎಸ್‌ಐ ಕಾರ್ಡ್ ಇದ್ದರೆ ಬಳಸಿ. ಪುಣೆಯ ಬಿಬವೇವಾಡಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಕೂತಲ್ಲೇ ಉಸಿರು ಸಿಗದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

*ಔಷಧಿಯ ವಿಷಯ*
ಸಕ್ಕರೆ ಇಳಿಸಲು ಬಂದ ಎಂಪಾಗ್ಲಿಫ್ಲೋಜಿನ್ ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರುವುದನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಅದೇ ಗುಂಪಿನ ಡಾಪಾಗ್ಲಿಫ್ಲೋಜಿನ್ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಎಲ್ಲರಿಗೂ ಇವು ಹೊಂದುವುದಿಲ್ಲ; ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಹಾರ್ಟ್ ಫೇಲ್ಯೂರ್ ಇದ್ದರೆ ಶುಗರ್‌ಗೆ ಕೊಡುವ ಪಿಯೋಗ್ಲಿಟಜೋನ್ ಬೇಡ, ಅದು ನೀರು ಹಿಡಿಸುತ್ತದೆ. ಮೈಕೈ ನೋವಿಗೆಂದು ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ನುಂಗಬೇಡಿ. ಬಿಸಿಲಿಗೆಂದು ಕುಡಿಯುವ ಓಆರ್‌ಎಸ್‌ನಲ್ಲೂ ಉಪ್ಪು, ಸಕ್ಕರೆ ಇವೆ; ಕೇಳಿ ಕುಡಿಯಿರಿ.

*ಮನೆಯಲ್ಲಿ*
ಜೋಳದ ರೊಟ್ಟಿ ಅಳತೆಯಲ್ಲಿ ತಿನ್ನಿ. ಉಪ್ಪಿನಕಾಯಿ, ಹಪ್ಪಳ ದೂರವಿಡಿ. ವೈದ್ಯರು ಹಾರ್ಟ್ ಫೇಲ್ಯೂರ್ ಎಂದಿದ್ದರೆ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋಗುವಾಗ ಗುಳಿಗೆ ಪೂರ್ತಿ ಕಟ್ಟಿಕೊಳ್ಳಿ. ಉಸಿರು ಹಗುರಾಯಿತೆಂದು ಅರ್ಧಕ್ಕೆ ಬಿಟ್ಟರೆ ನೀರು ಮತ್ತೆ ತುಂಬುತ್ತದೆ.

ಊರಲ್ಲಿರುವ ಅಪ್ಪ-ಅವ್ವನಿಗೂ ಇದನ್ನು ಓದಿ ಹೇಳಿ. 🙏