ಪಾಳೆಯ ಬೆಳೆಸಿದ ಊರು

ದಕ್ಷಿಣ ಕೊರಿಯಾದ ಸೋಲ್‌ನಿಂದ ಉತ್ತರಕ್ಕೆ ಹೊರಟ ಒಂದನೇ ಮಾರ್ಗದ ಮೆಟ್ರೊದಲ್ಲಿ ಕೂತು ಬೊಸಾನ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇಂಗ್ಲಿಷ್ ಬೋರ್ಡುಗಳ ಸಾಲು: ಸೂಟು ಹೊಲಿಯುವ ದರ್ಜಿ ಅಂಗಡಿ, ಬಾರು, ಕ್ಲಬ್ಬು. ಅದರಾಚೆ ಕ್ಯಾಂಪ್ ಕೇಸಿ, ಅಮೆರಿಕದ ಸೇನಾ ನೆಲೆ. ಊರಿನ ಹೆಸರು ಡೊಂಗ್‌ಡುಚನ್. 1953ರಲ್ಲಿ ಕೊರಿಯಾ ಯುದ್ಧ ನಿಂತರೂ ಸೈನಿಕರು ಇಲ್ಲೇ ಉಳಿದರು. ಊರಿನ ನೆಲದಲ್ಲಿ ನೂರಕ್ಕೆ ಸುಮಾರು 42 ಪಾಲು ಬೇಲಿಯೊಳಗೆ ಹೋಯಿತು. ಬೇಲಿಯಾಚೆ ಉಳಿದವರು ಡಾಲರ್ ನಂಬಿ ಬದುಕು ಕಟ್ಟಿಕೊಂಡರು. 1981ರಲ್ಲಿ ಊರಿಗೆ ನಗರದ ಪಟ್ಟವೂ ಸಿಕ್ಕಿತು.

ಕೊರಿಯಾದ ರಾಕ್ ಸಂಗೀತ ಇಂಥ ಸೇನಾ ಕ್ಲಬ್ಬುಗಳ ವೇದಿಕೆಗಳಲ್ಲೇ ಪಳಗಿದ್ದು. ಊರಿಗೆ ಅದರ ಹೆಮ್ಮೆ ಇದೆ, ಇರಲಿ. ಆದರೆ ಡೊಂಗ್‌ಡುಚನ್ ಅರ್ಥವಾಗಬೇಕಾದರೆ ಸೊಯೊಸಾನ್ ಬೆಟ್ಟದ ಬುಡಕ್ಕೇ ಹೋಗಬೇಕು. ಪ್ರವಾಸಿಗರು ಚಾರಣಕ್ಕೆ ಬರುವ ಆ ಜಾಗದಲ್ಲಿ, ಮರಗಳ ನಡುವೆ ಎರಡಂತಸ್ತಿನ ಪಾಳು ಕಟ್ಟಡವೊಂದಿದೆ. ಬಣ್ಣ ಉದುರಿದ ಗೋಡೆ, ಒಡೆದ ಗಾಜು.

ಆ ಕಟ್ಟಡದ ಕಥೆ ಹೀಗಿದೆ. 1971ರಲ್ಲಿ ಅಮೆರಿಕ ತನ್ನ ಸೇನೆಯ ಏಳನೇ ಡಿವಿಜನ್ ವಾಪಸು ಕರೆಸಿಕೊಂಡಿತು. ಉಳಿದ ಸೈನಿಕರೂ ಹೊರಟುಬಿಟ್ಟಾರೆಂದು ಕೊರಿಯಾ ಸರ್ಕಾರ ಬೆಚ್ಚಿತು. ಅವರನ್ನು ಸಂತೋಷವಾಗಿಡಲು ‘ಶುದ್ಧೀಕರಣ’ ಆಂದೋಲನ ಶುರುವಾಯಿತು. ಹೊರೆ ಬಿದ್ದದ್ದು ಕ್ಲಬ್ಬುಗಳ ಹೆಣ್ಣುಮಕ್ಕಳ ಮೇಲೆ. ಅವರಿಗೆ ಗುಪ್ತರೋಗದ ತಪಾಸಣೆ ಕಡ್ಡಾಯ. ಸೋಂಕಿದೆಯೆಂದು ಕಂಡವರನ್ನು, ಸೈನಿಕನೊಬ್ಬ ಬೆರಳು ತೋರಿದವರನ್ನೂ, ತಂದು ಈ ಕಟ್ಟಡದಲ್ಲಿ ಕೂಡಿಹಾಕಿ ಪೆನ್ಸಿಲಿನ್ ಚುಚ್ಚುತ್ತಿದ್ದರು. ಕಿಟಕಿಯ ಸರಳು ಹಿಡಿದು ನಿಂತ ಹೆಂಗಸರನ್ನು ನೋಡಿ ಜನ ಇಟ್ಟ ಹೆಸರು ‘ಮಂಕಿ ಹೌಸ್’. ಇತ್ತ ಅಧಿಕಾರಿಗಳು ಅದೇ ಹೆಂಗಸರನ್ನು ಕೂರಿಸಿಕೊಂಡು, ಡಾಲರ್ ತರುವ ನೀವು ದೇಶಭಕ್ತರು ಎಂದು ಭಾಷಣ ಮಾಡುತ್ತಿದ್ದರು. ಈ ಕ್ರೌರ್ಯ ಓದಿದಾಗ ಹೊಟ್ಟೆ ಉರಿಯುತ್ತದೆ.

2014ರಲ್ಲಿ ಇಂಥ 122 ಮಹಿಳೆಯರು ಸರ್ಕಾರದ ಮೇಲೆ ದಾವೆ ಹೂಡಿದರು. ಅಷ್ಟರಲ್ಲಿ ಬಹುಪಾಲು ಜನರಿಗೆ ಮುಪ್ಪು ಬಂದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ್ದೇ ತಪ್ಪೆಂದು ಎತ್ತಿಹಿಡಿದು ಪರಿಹಾರ ಕೊಡಿಸಿತು.

ಈಗ ಅಮೆರಿಕದ ಸೇನೆಯ ಬಹುಪಾಲು ದಕ್ಷಿಣದ ಪ್ಯೊಂಗ್‌ಟೇಕ್‌ಗೆ ಸರಿದಿದೆ. ಕ್ಯಾಂಪ್ ಕೇಸಿಯಲ್ಲಿ ಫಿರಂಗಿ ಬ್ರಿಗೇಡ್ ಉಳಿದಿದ್ದರೂ ಬೊಸಾನ್ ಬೀದಿಯ ವ್ಯಾಪಾರ ಕುಸಿದಿದೆ. ಪ್ರವಾಸೋದ್ಯಮ ನೆಚ್ಚಿಕೊಂಡ ನಗರಾಡಳಿತ ಆ ‘ಮಂಕಿ ಹೌಸ್’ ಕಟ್ಟಡ ಕೆಡವಲು ಹೊರಟಿತು. 2024ರಲ್ಲಿ ಹೋರಾಟಗಾರರು ಅಲ್ಲೇ ಟೆಂಟ್ ಹಾಕಿ ಕಾವಲು ಕೂತರು. ಕೆಡವಬೇಡಿ, ನಮ್ಮ ಕಥೆ ಹೇಳುವ ಜಾಗವಾಗಿ ಉಳಿಸಿ ಎಂಬುದು ಅಲ್ಲಿ ಬಂಧಿಯಾಗಿದ್ದವರ ಬೇಡಿಕೆ. ಊರಿನ ಚರಿತ್ರೆ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಅವರಿಗೆ. ನಗರಾಡಳಿತ ಅವರ ಮಾತು ಕೇಳಬೇಕು.