ಕಣ್ಣಿಗೆ ಕಾಣದ ದಣಿವು

ಮಾಗಡಿಯ ಹತ್ತಿರದ ಸಾವನದುರ್ಗವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ತಪ್ಪಲಿನಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ದೇವಾಲಯಗಳು. ಮೇಲೆಲ್ಲ ಬರಿಯ ಬಂಡೆ. ಸಮುದ್ರಮಟ್ಟದಿಂದ ೧,೨೨೬ ಮೀಟರ್ ಎತ್ತರದ ಆ ಬೆಟ್ಟವನ್ನು ಹತ್ತುವಾಗ ಯಾರಾದರೂ ಏದುಸಿರು ಬಿಡುತ್ತ ಕುಳಿತರೆ ನಾವು ಆಕ್ಷೇಪಿಸುವುದಿಲ್ಲ. ನೀರು ಕೊಡುತ್ತೇವೆ, ಕೈ ಹಿಡಿದು ಎಬ್ಬಿಸುತ್ತೇವೆ. ಅವರ ದಣಿವಿಗೆ ಕಾರಣವಾದ ಬೆಟ್ಟ ನಮ್ಮ ಕಣ್ಣೆದುರಿಗೇ ಇದೆಯಷ್ಟೆ.

ಈಗ ಬೆಟ್ಟದಿಂದ ಇಳಿದು ಪೇಟೆಯ ಒಂದು ಮನೆಗೆ ಬನ್ನಿ. ಅಲ್ಲಿಯ ಗೃಹಿಣಿಯನ್ನು ಊಹಿಸಿಕೊಳ್ಳಿ. ಹಿಂದೆ ಹಬ್ಬದಡಿಗೆಯನ್ನು ಒಬ್ಬಳೇ ನಿಭಾಯಿಸುತ್ತಿದ್ದವಳಿಗೆ ಈಗ ಮಹಡಿಯ ಹತ್ತು ಮೆಟ್ಟಲೇ ಪ್ರಯಾಸ. ರಾತ್ರಿಯೆಲ್ಲ ನಿದ್ರಿಸಿದರೂ ಬೆಳಗ್ಗೆ ಮೈ ಭಾರ. ಉಳಿದವರಿಗೆ ಸೆಕೆಯಾದಾಗ ಈಕೆಗೆ ಚಳಿ. ಒಲೆಯ ಮೇಲಿಟ್ಟ ಹಾಲು ಮರೆತುಹೋಗುತ್ತದೆ. ಜ್ವರವಿಲ್ಲ, ಗಾಯವಿಲ್ಲ. “ಏನಮ್ಮ, ಈಚೀಚೆಗೆ ಬಲು ಸೋಮಾರಿಯಾದೆ” ಎನ್ನುತ್ತಾರೆ ಅತ್ತೆ. ಕೊನೆಗೆ ಆಕೆಯೂ ಅದನ್ನೇ ನಂಬಿಬಿಡುತ್ತಾಳೆ.

ಇದು ಸೋಮಾರಿತನವಲ್ಲ, ಥೈರಾಯಿಡ್ ಗ್ರಂಥಿಯ ದೋಷವಿರಬಹುದು. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ, ಥೈರಾಕ್ಸಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತದೆ. ದೇಹವೆಂಬ ಒಲೆ ಎಷ್ಟು ಉರಿಯಬೇಕೆಂದು ಗೊತ್ತುಮಾಡುವುದೇ ಈ ರಸ. ಅದು ಕಡಿಮೆಯಾದರೆ ಎಲ್ಲವೂ ನಿಧಾನ. ಮಲಬದ್ಧತೆ, ಒಣಚರ್ಮ, ಕೂದಲುದುರುವುದು, ಮುಟ್ಟಿನ ಏರುಪೇರು, ಮನಸ್ಸಿಗೆ ಮಂಕು. ಹೆಚ್ಚಾದರೆ ಎದೆ ಹೊಡೆದುಕೊಳ್ಳುವುದು, ಕೈನಡುಕ, ಬೆವರು, ಚೆನ್ನಾಗಿ ಉಂಡರೂ ಮೈ ಇಳಿಯುವುದು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ವಯಸ್ಸು, ಚಿಂತೆ, ಬಿಸಿಲು ಎಂದು ಯಾವುದಾದರೊಂದು ಕಾರಣ ಹೇಳಿಬಿಡಬಹುದು. ರೋಗ ವರ್ಷಗಟ್ಟಲೆ ಅಡಗಿರುವುದು ಹೀಗೆಯೇ.

ಇದು ಅಪರೂಪದ ಕಾಯಿಲೆಯೇನಲ್ಲ. ಬೆಂಗಳೂರೂ ಸೇರಿದಂತೆ ದೇಶದ ೮ ನಗರಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ವಯಸ್ಕರ ಪೈಕಿ ನೂರಕ್ಕೆ ಸುಮಾರು ೧೧ ಮಂದಿಗೆ ಥೈರಾಯಿಡ್ ಕೊರತೆ ಕಂಡುಬಂದಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

“ಉಪ್ಪಿಗೆ ಅಯೋಡಿನ್ ಬೆರೆಸಿದ್ದಾರಲ್ಲ, ಸಾಲದೆ?” ಎಂದು ನೀವು ಕೇಳಬಹುದು. ಅಯೋಡಿನ್ ಸಾಲದೆ ಬರುವ ಗಳಗಂಡವನ್ನು ಆ ಉಪ್ಪು ತಡೆಯುತ್ತದೆ. ಆ ಉದ್ದೇಶದಿಂದಲೇ ೧೯೬೨ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆದರೆ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಈ ಗ್ರಂಥಿಯ ಮೇಲೆ ತಿರುಗಿಬೀಳುವುದೂ ಉಂಟು. ಅದಕ್ಕೆ ಉಪ್ಪು ಮದ್ದಲ್ಲ.

ಹಾಗಾದರೆ ಉಪಾಯವೇನು? ಮೊದಲು ರಕ್ತದ ಟಿ.ಎಸ್.ಎಚ್. ಪರೀಕ್ಷೆ. ಗ್ರಂಥಿ ಸೋತಾಗ, ಅದನ್ನು ಎಚ್ಚರಿಸಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಈ ರಸ ರಕ್ತದಲ್ಲಿ ಏರುತ್ತದೆ. ಕೊರತೆ ಖಚಿತವಾದರೆ ಮದ್ದಿದೆ. ೧೮೯೧ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ‍್ರೆ ಕುರಿಯ ಥೈರಾಯಿಡ್ ಗ್ರಂಥಿಯ ಸತ್ತ್ವವನ್ನು ೪೬ ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದರು. ಆಕೆ ಮುಂದೆ ೨೮ ವರ್ಷ ಬಾಳಿದಳು. ಇಂದು ಆ ಸ್ಥಾನದಲ್ಲಿ ಒಂದು ಪುಟ್ಟ ಮಾತ್ರೆ ಇದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕನಿಷ್ಠ ಅರ್ಧ ಗಂಟೆ ಕಾಫಿಯಾಗಲಿ ರಾಗಿಗಂಜಿಯಾಗಲಿ ಮುಟ್ಟಬಾರದು. ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಮ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಗರ್ಭಿಣಿಯಾದರೆ ಪ್ರಮಾಣ ಹೆಚ್ಚಿಸಬೇಕಾಗಬಹುದು. ಕೂಡಲೇ ವೈದ್ಯರಿಗೆ ತಿಳಿಸಿ. ಸುಖವೆನಿಸಿತೆಂದು ತಾವಾಗಿ ನಿಲ್ಲಿಸಬಾರದು.

ಮಾತ್ರೆ ನುಂಗಿದ ಮರುದಿನವೇ ಗುಣ ಕಾಣದು. ವಾರಗಳು ಹಿಡಿಯುತ್ತವೆ, ೬ರಿಂದ ೮ ವಾರಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಿ ಪ್ರಮಾಣ ಸರಿಮಾಡಬೇಕಾಗುತ್ತದೆ. ಈ ನಡುವೆ “ಮಾತ್ರೆ ನುಂಗುತ್ತಿದ್ದೀಯಲ್ಲ, ಇನ್ನೇನು?” ಎಂಬ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ. ಅದರ ಬದಲು “ಈ ದಿನ ಹೇಗಿದೆ?” ಎಂದು ಕೇಳಿ; ನೀರಿನ ಬಿಂದಿಗೆಯನ್ನು ನೀವೇ ಎತ್ತಿಡಿ.

ಸಾವನದುರ್ಗದಲ್ಲಿ ಅಪರಿಚಿತರಿಗೂ ಕೈನೀಡುವವರು ನಾವು. ನಮ್ಮ ಮನೆಯವರು “ದಣಿವಾಗಿದೆ” ಎಂದಾಗ, ಅವರು ಹತ್ತುತ್ತಿರುವ ಬೆಟ್ಟ ನಮಗೆ ಕಾಣದಿದ್ದರೂ, ಆ ಮಾತನ್ನು ನಂಬೋಣ. ನಂಬಿ, ಪರೀಕ್ಷೆಗೆ ಕರೆದೊಯ್ಯೋಣ.