ವಿಮಾನದೊಳಗಿನ ಹರಿಗೋಲು

ತುಬಚಿಯೇ ಮೊದಲಾದ ಕೃಷ್ಣಾತೀರದ ಊರುಗಳವರಿಗೆ ನೀರಿನ ಮೇಲೆ ತೇಲುವ ಎರಡು ಉಪಾಯಗಳ ಪರಿಚಯ ಹಳೆಯದು. ಈಜು ಕಲಿಯುವ ಹುಡುಗನ ಬೆನ್ನಿಗೆ ಕಟ್ಟುವ ಒಣ ಸೋರೆಬುರುಡೆ ಒಂದು. ಹತ್ತು ಜನರನ್ನು ಒಟ್ಟಿಗೆ ದಡ ಮುಟ್ಟಿಸುವ ಹರಿಗೋಲು ಇನ್ನೊಂದು. ಬುರುಡೆಯು ಮನುಷ್ಯನನ್ನು ಮುಳುಗಗೊಡುವುದಿಲ್ಲ, ಅಷ್ಟೆ. ಹರಿಗೋಲಾದರೋ ಅವನನ್ನು ನೀರಿನಿಂದ ಹೊರಗೇ ಇರಿಸುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ಹಳ್ಳಿಗಳನ್ನು ಸುತ್ತುವರಿದಾಗ ಜನರನ್ನು ಹೊರತಂದ ದೋಣಿಗಳೂ ಈ ಎರಡನೆಯ ಜಾತಿಯವೇ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಸಮುದ್ರದ ಮೇಲೆ ಹಾರುವ ಪ್ರಯಾಣಿಕರ ವಿಮಾನವು ಏನೇನನ್ನು ಹೊತ್ತೊಯ್ಯಬೇಕೆಂಬ ನಿಯಮ ಸುಲಭವಾಗಿ ತಿಳಿಯುತ್ತದೆ.

ವಿಮಾನದ ಆಸನದ ಕೆಳಗಿರುವ ಲೈಫ್ ಜಾಕೆಟ್ ನಮ್ಮ ಸೋರೆಬುರುಡೆ. ಗಾಳಿ ತುಂಬಿ ಉಬ್ಬಿಸುವ ಜೀವರಕ್ಷಕ ತೆಪ್ಪ ನಮ್ಮ ಹರಿಗೋಲು. ಬುರುಡೆಯೊಂದೇ ಸಾಲದೆ? ಸಾಲದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚಾಗಿ ಉಷ್ಣವನ್ನು ವಹಿಸುತ್ತದೆ. ಆದುದರಿಂದ ತಣ್ಣೀರಿನಲ್ಲಿ ತೇಲುತ್ತಿರುವವನು ಮುಳುಗದಿದ್ದರೂ ದೇಹದ ಶಾಖವನ್ನು ಕಳೆದುಕೊಂಡು ಸಾಯಬಹುದು. 1955ರ ಏಪ್ರಿಲ್ 11ರಂದು ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ವಿಮಾನವು ಹಾಂಗ್‌ಕಾಂಗಿನಿಂದ ಜಕಾರ್ತಕ್ಕೆ ಹೋಗುತ್ತಿದ್ದಾಗ, ಯಾರೋ ಅಡಗಿಸಿಟ್ಟಿದ್ದ ಬಾಂಬು ಸಿಡಿದು ನತುನಾ ದ್ವೀಪಗಳ ಬಳಿ ಕಡಲಿಗೆ ಬಿದ್ದಿತು. ವಿಮಾನದಲ್ಲಿದ್ದ 19 ಜನರಲ್ಲಿ 16 ಮಂದಿ ಮಡಿದರು. ಉಳಿದ ಮೂವರು ಗಂಟೆಗಟ್ಟಲೆ ಈಜಿ ಬದುಕಿದರು. ಅದು ಸಮಭಾಜಕಕ್ಕೆ ಸಮೀಪದ ಬೆಚ್ಚನೆಯ ಕಡಲು. ಅದೇ ಈಜು ಉತ್ತರ ಅಟ್ಲಾಂಟಿಕ್ ಸಾಗರದಲ್ಲಾಗಿದ್ದರೆ ಫಲ ಬೇರೆಯಾಗುತ್ತಿತ್ತು.

ಇನ್ನು ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ, ದಡದಿಂದ 93 ಕಿಲೋಮೀಟರಿಗಿಂತ ದೂರ ಹೋಗುವ ವಿಮಾನದಲ್ಲಿ ಪ್ರತಿಯೊಬ್ಬರಿಗೂ ಜಾಕೆಟ್ ಇರಬೇಕು. ತೆಪ್ಪದ ಲೆಕ್ಕ ಬೇರೆ. ಒಂದು ಎಂಜಿನ್ ಕೆಟ್ಟರೂ ಹಾರಾಟ ಮುಂದುವರಿಸಬಲ್ಲ ವಿಮಾನವು, ತುರ್ತಾಗಿ ಇಳಿಯಲು ತಕ್ಕ ನೆಲದಿಂದ 120 ನಿಮಿಷದ ಹಾರಾಟ ಅಥವಾ 740 ಕಿಲೋಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿದರೆ ತೆಪ್ಪಗಳನ್ನು ಒಯ್ಯಬೇಕು. ಅಂಥ ಸಾಮರ್ಥ್ಯವಿಲ್ಲದ ವಿಮಾನಕ್ಕೆ 30 ನಿಮಿಷ ಅಥವಾ 185 ಕಿಲೋಮೀಟರೇ ಮಿತಿ.

ಇಲ್ಲೊಂದು ಸ್ವಾರಸ್ಯವುಂಟು. ಪ್ರಯಾಣ ಎಷ್ಟು ಉದ್ದವೆಂಬುದನ್ನು ನಿಯಮ ಕೇಳುವುದಿಲ್ಲ. ನೆಲ ಎಷ್ಟು ದೂರವೆಂಬುದನ್ನು ಮಾತ್ರ ಕೇಳುತ್ತದೆ. ವಾಚಕರು ಭೂಗೋಳವೊಂದನ್ನು ತೆಗೆದುಕೊಂಡು ಮಂಗಳೂರಿನಿಂದ ಮಸ್ಕತ್ತಿಗೆ ದಾರ ಹಿಡಿಯಲಿ. ದಾರಿ ಸುಮಾರು 2,100 ಕಿಲೋಮೀಟರ್, ಹೆಚ್ಚುಕಡಿಮೆ ಎಲ್ಲವೂ ಅರಬ್ಬೀ ಸಮುದ್ರವೇ. ಆದರೂ ಆ ನೇರ ದಾರಿಯಲ್ಲಿ ಸೌರಾಷ್ಟ್ರ ಇಲ್ಲವೆ ಒಮಾನಿನ ದಡ ಎಲ್ಲಿಯೂ 600 ಕಿಲೋಮೀಟರಿಗಿಂತ ದೂರವಿಲ್ಲ! ಅಮೆರಿಕದ ನಿಯಮವು ಇದಕ್ಕಿಂತ ಬಿಗಿಯಾದುದು. ಅಲ್ಲಿ ಸಾಮಾನ್ಯವಾಗಿ ದಡದಿಂದ 93 ಕಿಲೋಮೀಟರ್ ದಾಟಿದರೆ ತೆಪ್ಪಗಳು ಬೇಕು. ಅವುಗಳಲ್ಲಿ ಅತಿ ದೊಡ್ಡದೊಂದು ಕೈತಪ್ಪಿದರೂ ಉಳಿದವು ಎಲ್ಲರನ್ನೂ ಹೊರುವಂತಿರಬೇಕು.

ದೂರವನ್ನೇ ಅಳತೆಗೋಲಾಗಿ ಹಿಡಿದುದು ಸರಿಯೆ? ಅರ್ಧ ಮಾತ್ರ ಸರಿಯೆಂದು ನಮ್ಮ ಅಭಿಪ್ರಾಯ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಹೊರಟ ಏರ್‌ಬಸ್ ಎ320 ವಿಮಾನಕ್ಕೆ ಬಾತುಗಳ ಹಿಂಡು ಬಡಿದು ಎರಡು ಎಂಜಿನುಗಳೂ ಶಕ್ತಿಗುಂದಿದವು. ಚಾಲಕ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲಿಳಿಸಿದರು. ನೀರಿನ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್. ಆ ಮಾರ್ಗಕ್ಕೆ ತೆಪ್ಪಗಳು ಬೇಕೆಂಬ ನಿಯಮವಿರಲಿಲ್ಲ. ಆದರೆ ಅದೃಷ್ಟವಶಾತ್ ಆ ವಿಮಾನಕ್ಕೆ ಕಡಲ ಹಾರಾಟದ ಸಜ್ಜು ಇತ್ತು. ಹಿಂಭಾಗ ಒಡೆದು ನೀರು ನುಗ್ಗಿದ್ದರಿಂದ ಅಲ್ಲಿನ ಎರಡು ತೆಪ್ಪಗಳು ಉಪಯೋಗಕ್ಕೆ ಬರಲಿಲ್ಲ. ಮುಂಭಾಗದ ಎರಡು ತೆಪ್ಪಗಳನ್ನೇರಿದವರು ಕೆಲವರು, ರೆಕ್ಕೆಗಳ ಮೇಲೆ ನಿಂತವರು ಕೆಲವರು. ಸುತ್ತಲಿನ ನಾವೆಗಳು ಬೇಗನೆ ಧಾವಿಸಿ ಬಂದುದರಿಂದ 155 ಜನರೂ ಉಳಿದರು. ಯಾವ ಮಾರ್ಗವೇ ಆಗಲಿ, ಪ್ರಯಾಣಿಕರೆಲ್ಲರಿಗೂ ಜಾಕೆಟ್ ಮತ್ತು ತೇಲುವ ಆಸನದಿಂಬು ಇರಬೇಕೆಂದು ತನಿಖಾ ಮಂಡಳಿ ಆ ಬಳಿಕ ಶಿಫಾರಸು ಮಾಡಿತು. ಎಲ್ಲ ವಿಮಾನಗಳಲ್ಲೂ ತೆಪ್ಪಗಳನ್ನೇಕೆ ಇಡಬಾರದೆಂದು ಕೇಳಿದರೆ, ತೂಕವೆಂಬುದೇ ಉತ್ತರ. ಹೆಚ್ಚಿನ ಪ್ರತಿಯೊಂದು ಕಿಲೋಗ್ರಾಮೂ ಪ್ರತಿ ಹಾರಾಟದಲ್ಲಿ ಇಂಧನವನ್ನು ತಿನ್ನುತ್ತದೆ.

ಈಗ ತೆಪ್ಪವನ್ನೇ ನೋಡೋಣ. ಇಂದಿನ ದೊಡ್ಡ ವಿಮಾನಗಳಲ್ಲಿ ಬಾಗಿಲಿನ ಜಾರುಬಂಡೆಯೇ ಕಳಚಿಕೊಂಡು ತೆಪ್ಪವಾಗುವುದುಂಟು. ತೆಪ್ಪದಲ್ಲಿ 40 ಜನ, ಒಬ್ಬೊಬ್ಬರಿಗೆ 75 ಕಿಲೋಗ್ರಾಮ್ ಎಂದಿಟ್ಟುಕೊಳ್ಳೋಣ. ಒಟ್ಟು 3,000 ಕಿಲೋಗ್ರಾಮ್. ಒಂದು ಘನ ಮೀಟರ್ ಕಡಲನೀರಿನ ತೂಕ ಸುಮಾರು 1,025 ಕಿಲೋಗ್ರಾಮ್. ಆದುದರಿಂದ ಆರ್ಕಿಮಿಡೀಸನ ತತ್ತ್ವದಂತೆ ತೆಪ್ಪವು 2.93 ಘನ ಮೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅರ್ಧ ಮೀಟರ್ ವ್ಯಾಸದ ರಬ್ಬರು ಬಟ್ಟೆಯ ಕೊಳವೆಯಾದರೆ 15 ಮೀಟರ್ ಉದ್ದ ಬೇಕಾಯಿತು. ಒಂದು ಕೊಳವೆ ತೂತಾದರೂ ಇನ್ನೊಂದೇ ಎಲ್ಲರನ್ನೂ ಹೊರುವಂತೆ, ಒಂದರ ಮೇಲೊಂದು ಎರಡು ಪ್ರತ್ಯೇಕ ಕೊಳವೆಗಳಿರುತ್ತವೆ. ಹಾಗಾದರೆ ತುಂಬಬೇಕಾದ ಅನಿಲ ಸುಮಾರು 6 ಘನ ಮೀಟರ್, ಅದೂ ಹತ್ತು ಸೆಕೆಂಡಿನೊಳಗೆ. ಇಷ್ಟನ್ನೂ ಸಿಲಿಂಡರಿನಲ್ಲೇ ಒಯ್ದರೆ ಭಾರ ಹೆಚ್ಚಾದೀತು. ಅದಕ್ಕಾಗಿ ಒಂದು ಜಾಣ ಉಪಾಯ ಹೂಡಿದ್ದಾರೆ: ಸಿಲಿಂಡರಿನಿಂದ ರಭಸವಾಗಿ ನುಗ್ಗುವ ಅನಿಲದ ಧಾರೆ ಹೊರಗಿನ ಗಾಳಿಯನ್ನೂ ತನ್ನೊಂದಿಗೆ ಎಳೆದುಕೊಂಡು ಒಳಹೋಗುತ್ತದೆ. ನಮ್ಮ ಪ್ರಯೋಗಶಾಲೆಯ ಬುನ್ಸೆನ್ ದೀಪದಲ್ಲಿ ಗಾಳಿ ಒಳಬರುವುದೂ ಹೀಗೆಯೇ.

ತೆಪ್ಪದ ಮೇಲೆ ಬಿಸಿಲು ಮಳೆಗಳಿಗೆ ಮರೆಯಾಗುವ ಚಾವಣಿ, ಜೊತೆಗೆ ಹೊಗೆಬತ್ತಿ, ಔಷಧದ ಪೆಟ್ಟಿಗೆ ಮುಂತಾದವು ಇರುತ್ತವೆ. ನೀರಿನೊಳಗೆ ತೂಗುಬಿಡುವ ಬಟ್ಟೆಯ ಚೀಲವೊಂದು ತೆಪ್ಪವು ಗಾಳಿಗೆ ಕೊಚ್ಚಿಹೋಗದಂತೆ ತಡೆಯುತ್ತದೆ. ಹುಡುಕುವವರಿಗೆ ಇದರಿಂದ ಬಹಳ ಅನುಕೂಲ. ಇವೆಲ್ಲಕ್ಕಿಂತ ಮುಖ್ಯವಾದುದು 406 ಮೆಗಾಹರ್ಟ್ಸಿನ ಪುಟ್ಟ ರೇಡಿಯೋ. ಅದರ ಕೂಗನ್ನು ಉಪಗ್ರಹಗಳು ಕೇಳಿ ನೆಲಕ್ಕೆ ರವಾನಿಸುತ್ತವೆ. ಭಾರತದಲ್ಲಿ ಆ ಕೂಗನ್ನು ಪರಿಶೀಲಿಸಿ ರಕ್ಷಣಾ ಕೇಂದ್ರಗಳಿಗೆ ತಿಳಿಸುವ ನಿಯಂತ್ರಣ ಕೇಂದ್ರವಿರುವುದು, ಕಡಲಿನಿಂದ ಮುನ್ನೂರು ಕಿಲೋಮೀಟರ್ ಒಳಗೆ, ಬೆಂಗಳೂರಿನ ಇಸ್ರೋ ಆವರಣದಲ್ಲಿ.